ಅಣ್ಣ ತಮ್ಮಂದಿರ ಬದು, ನಮ್ಮ ಬೀದಿಯ ಗಡಿ

ನಮ್ಮ ಮನೆ ಮುಂದಿನ ರಸ್ತೆಗೆ ಒಂದು ಕಡೆ ಫುಟ್‌ಪಾತ್ ಇದೆ, ಇನ್ನೊಂದು ಕಡೆ ಇಲ್ಲ. ನಮ್ಮ ಕಡೆ ಬೀದಿದೀಪ ಇದೆ, ಎದುರು ಕಡೆ ಇಲ್ಲ. ನಮ್ಮ ಕಸದ ಲಾರಿ ಮಂಗಳವಾರ ಬಂದರೆ ಅವರದು ಗುರುವಾರ. ರಾತ್ರಿ ಏನಾದರೂ ಗಲಾಟೆಯಾದರೆ ನಮ್ಮ ಕಡೆಗೆ ನಗರದ ಪೊಲೀಸರು ಬರುತ್ತಾರೆ, ಎದುರು ಕಡೆಗೆ ಕೌಂಟಿ (ನಮ್ಮ ಜಿಲ್ಲೆಯ ಹಾಗೆ ಅನ್ನಿ) ಶೆರೀಫ್ ಕಚೇರಿಯವರು. ನಾವಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದ ಪಶ್ಚಿಮ ಅಂಚಿನಲ್ಲಿ. ಎದುರುಮನೆಯವರು ಯಾವ ನಗರಕ್ಕೂ ಸೇರಿಲ್ಲ. ಅವರದು ಬರೀ ಸಾಂಟಾ ಕ್ಲಾರಾ ಕೌಂಟಿ. ಆದರೂ ಎರಡೂ ಕಡೆಯ ಮಕ್ಕಳು ಓದುವುದು ಪಕ್ಕದ ಊರು ಕುಪರ್ಟಿನೋ ಹೆಸರಿನ ಶಾಲಾ ಜಿಲ್ಲೆಯಲ್ಲಿ, ಅಂದರೆ ಒಂದೇ ಮಂಡಳಿ ನಡೆಸುವ ಶಾಲೆಗಳ ಎಲ್ಲೆಯೊಳಗೆ.

ಮನೆ ಕೊಂಡ ಹೊಸದರಲ್ಲಿ ಇದೆಲ್ಲ ವಿಚಿತ್ರ ಅನ್ನಿಸಿತ್ತು. ಯಾರೋ ಅಧಿಕಾರಿ ನಕ್ಷೆ ಮುಂದೆ ಕೂತು ಕೈಗೆ ಬಂದ ಹಾಗೆ ಗೆರೆ ಎಳೆದಿರಬೇಕು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ನಮ್ಮ ಬೀದಿಯ ಗೆರೆ ಎಳೆದವರು ಇಬ್ಬರು ಅಣ್ಣ ತಮ್ಮಂದಿರು. ಅದನ್ನು ನನಗೆ ಹೇಳಿದವರು ಎದುರುಮನೆ ಅಜ್ಜಿ.

ಅಜ್ಜಿಗೆ ಈಗ 84. ನಮ್ಮ ಮಕ್ಕಳು ಅವರನ್ನು ಕನ್ನಡದಲ್ಲೇ 'ಅಜ್ಜಿ' ಅನ್ನುತ್ತಾರೆ. ಅವರಿಗೂ ಆ ಮಾತು ಇಷ್ಟ. ಅವರ ಮನೆ ಮೂಲೆಯಲ್ಲಿದೆ. ಬೀದಿಯ ಉಳಿದ ಮನೆಗಳೆಲ್ಲ ರಸ್ತೆಗೆ ಮುಖ ಮಾಡಿ ಸಾಲಾಗಿ ನಿಂತಿದ್ದರೆ, ಅವರದು ಮಾತ್ರ ಓರೆಯಾಗಿದೆ. ಯಾಕೆಂದರೆ ಅದನ್ನು ಕಟ್ಟುವಾಗ ಈ ರಸ್ತೆ ಇರಲೇ ಇಲ್ಲ. ಅದು ತೋಟದ ಮನೆ.

ತೋಟ ಅಂದೆ, ಅವರು ರ‍್ಯಾಂಚ್ ಅನ್ನುತ್ತಾರೆ. ರ‍್ಯಾಂಚ್ ಅಂದರೆ ನಮಗೆ ಕುದುರೆ, ದನ, ದೊಡ್ಡ ಟೋಪಿಯ ಕೌಬಾಯ್ ಕಣ್ಣಿಗೆ ಬರುತ್ತಾರೆ ಅಲ್ವಾ? ಈ ಕಣಿವೆಯಲ್ಲಿ ಹಾಗಲ್ಲ. ಹತ್ತು ಎಕರೆಯಲ್ಲಿ ಹಣ್ಣಿನ ಗಿಡ ಹಾಕಿದವರದೂ ರ‍್ಯಾಂಚೇ. ಪದ ಬಂದದ್ದು ಮೆಕ್ಸಿಕೋದವರ ಆಳ್ವಿಕೆಯ 'ರಾಂಚೋ'ದಿಂದ. ಅವು ಸಾವಿರಾರು ಎಕರೆಯ ದನ ಮೇಯಿಸುವ ಜಹಗೀರುಗಳು. ಅದಕ್ಕೂ ಮೊದಲು ಇದು ಒಹ್ಲೋನಿ ಅನ್ನುವ ಮೂಲನಿವಾಸಿ ಜನರ ನೆಲ. ಅವರಿಗೆ ಯಾರೂ ಹಕ್ಕುಪತ್ರ ಕೇಳಿರಲಿಲ್ಲ, ಕೊಟ್ಟೂ ಇರಲಿಲ್ಲ. 1848ರಲ್ಲಿ ಕ್ಯಾಲಿಫೋರ್ನಿಯಾ ಅಮೆರಿಕದ ಕೈಗೆ ಬಂತು. 1851ರ ಕಾನೂನು ರಾಂಚೋ ಮಾಲೀಕರಿಗೆ ನಿಮ್ಮ ದಾಖಲೆ ತೋರಿಸಿ ಸಾಬೀತು ಮಾಡಿ ಅಂದಿತು. ಕೋರ್ಟು, ವಕೀಲರು, ಸಾಲ. ದೊಡ್ಡ ಜಹಗೀರುಗಳು ಚೂರುಚೂರಾದವು. ಮೊದಲು ಗೋಧಿ ಬಂತು, ಆಮೇಲೆ ಹಣ್ಣು.

ಹಣ್ಣು ಬಂದ ಕಥೆ ಚೆನ್ನಾಗಿದೆ. ಲೂಯಿ ಪೆಲಿಯೇ ಎಂಬ ಫ್ರೆಂಚ್ ತೋಟಗಾರ ಸ್ಯಾನ್ ಹೋಸೆಯಲ್ಲಿ ನರ್ಸರಿ ಇಟ್ಟಿದ್ದ. 1856ರಲ್ಲಿ ಅವನ ತಮ್ಮ ಫ್ರಾನ್ಸಿನಿಂದ ಪ್ರೂನ್ ಜಾತಿಯ ಪ್ಲಮ್ ಗಿಡದ ಕಸಿಕಡ್ಡಿಗಳನ್ನು ತಂದ. ದಾರಿಯಲ್ಲಿ ಒಣಗಬಾರದು ಅಂತ ಕಡ್ಡಿಗಳನ್ನು ಆಲೂಗಡ್ಡೆಗೆ ಚುಚ್ಚಿ ತಂದರಂತೆ. ಆ ಕಡ್ಡಿಗಳಿಂದ ಶುರುವಾಗಿ ಇಡೀ ಕಣಿವೆ ಪ್ರೂನ್ ತೋಟವಾಯಿತು. ಜೊತೆಗೆ ಏಪ್ರಿಕಾಟ್, ಚೆರ್ರಿ, ಪೇರ್, ವಾಲ್‌ನಟ್. ಈಗ ನಾವು ಸಿಲಿಕಾನ್ ವ್ಯಾಲಿ ಅನ್ನುವ ಜಾಗಕ್ಕೆ ಆಗ 'ವ್ಯಾಲಿ ಆಫ್ ಹಾರ್ಟ್ಸ್ ಡಿಲೈಟ್' ಅನ್ನುವ ಹೆಸರು. ಮನಸ್ಸು ತಣಿಸುವ ಕಣಿವೆ. ಹೂ ಬಿಡುವ ಕಾಲದಲ್ಲಿ ಸಾರಾಟೋಗದಲ್ಲಿ 1900ರಿಂದ ಜಾತ್ರೆಯನ್ನೇ ಮಾಡುತ್ತಿದ್ದರು. ರೈಲಿನಲ್ಲಿ ಜನ ಬಂದು ಬರೀ ಹೂ ನೋಡಿ ಹೋಗುತ್ತಿದ್ದರು.

ಅಜ್ಜಿಯ ತಾತ ಕ್ರೊಯೇಷಿಯಾದ ಕಡಲತೀರದಿಂದ ಬಂದವರು. ಈ ಕಣಿವೆಯ ಹಣ್ಣಿನ ತೋಟಗಾರರಲ್ಲಿ ಆ ಕಡೆಯವರು, ಇಟಲಿಯವರು, ಪೋರ್ಚುಗಲ್‌ನವರು ಬಹಳ ಇದ್ದರು. ತಾತ ಮೊದಲು ಬೇರೆಯವರ ತೋಟದಲ್ಲಿ ಕೂಲಿ ಮಾಡಿ, ಆಮೇಲೆ 22 ಎಕರೆ ಕೊಂಡರು. ಸತ್ತಾಗ ಇಬ್ಬರು ಗಂಡುಮಕ್ಕಳಿಗೆ ಸಮನಾಗಿ ಪಾಲಾಯಿತು. ತಲಾ 11 ಎಕರೆ. ಮಧ್ಯದಲ್ಲಿ ಒಂದು ಸಾಲು ವಾಲ್‌ನಟ್ ಮರ. ಬೇಲಿ ಇಲ್ಲ, ಕಲ್ಲಿಲ್ಲ. ಆ ಮರಗಳೇ ಬದು.

ಇದನ್ನು ಕೇಳಿದಾಗ ನನಗೆ ಥಟ್ಟನೆ ನೆನಪಾದದ್ದು ನಮ್ಮ ಪಾಲುಪಾರೀಕತ್ತು. ನಾನು ದೇವನಹಳ್ಳಿ ಕಡೆಯವಳು. ನಮ್ಮದು ದ್ರಾಕ್ಷಿ ತೋಟ, ಬೆಂಗಳೂರು ಬ್ಲೂ ದ್ರಾಕ್ಷಿ. ಬಾವಿ ಹತ್ತಿರ ನಾಲ್ಕು ಚಕ್ಕೋತದ ಮರ. ದೊಡ್ಡಪ್ಪನಿಗೂ ಅಪ್ಪನಿಗೂ ಪಾಲಾದಾಗ ಚಕ್ಕುಬಂದಿಯಲ್ಲಿ 'ಪೂರ್ವಕ್ಕೆ ಚಕ್ಕೋತದ ಮರ' ಅಂತಲೇ ಬರೆಸಿದ್ದರು. ಮರ ಬಿದ್ದುಹೋದರೆ ಏನು ಮಾಡ್ತೀರಿ ಅಂತ ಯಾರೂ ಕೇಳಲಿಲ್ಲ. ತೋಟ ಹೋದರೆ ಅಂತಲೂ ಕೇಳಲಿಲ್ಲ.

ಇಲ್ಲಿ ತೋಟಕ್ಕೆ ಕಷ್ಟ ಶುರುವಾದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. 1950ರಲ್ಲಿ ಸ್ಯಾನ್ ಹೋಸೆಯ ಜನಸಂಖ್ಯೆ ಇನ್ನೂ ಒಂದು ಲಕ್ಷ ದಾಟಿರಲಿಲ್ಲ. ವಿಸ್ತೀರ್ಣ 17 ಚದರ ಮೈಲಿ. ಆ ವರ್ಷ ಡಚ್ ಹಾಮನ್ ಎಂಬುವರು ನಗರದ ಸಿಟಿ ಮ್ಯಾನೇಜರ್ ಆದರು. ನಮ್ಮ ಲೆಕ್ಕದಲ್ಲಿ ಪಾಲಿಕೆಯ ಆಯುಕ್ತರು ಅನ್ನಿ. 1969ರವರೆಗೂ ಅವರೇ ಇದ್ದರು. ನಗರ ಬೆಳೆಯಬೇಕು, ಬೆಳೆಯುವುದಕ್ಕೆ ನೆಲ ಬೇಕು, ಪಕ್ಕದ ಊರುಗಳು ಹಿಡಿಯುವ ಮೊದಲು ನಾವೇ ಹಿಡಿಯಬೇಕು ಅನ್ನುವುದು ಅವರ ನಂಬಿಕೆ. ತೋಟಗಾರರ ಮನೆಗೆ ಹೋಗಿ ಒಪ್ಪಿಸುತ್ತಿದ್ದ ಅವರ ತಂಡಕ್ಕೆ ಜನ ಜರ್ಮನಿಯ ಯುದ್ಧ ಟ್ಯಾಂಕುಗಳ ದಳದ ಹೆಸರಿಟ್ಟಿದ್ದರು, 'ಪ್ಯಾಂಜರ್ ಡಿವಿಷನ್' ಅಂತ. ಹಾಮನ್ ಕಾಲ ಮುಗಿಯುವ ಹೊತ್ತಿಗೆ ನಗರ 1,419 ಸಲ ಅಕ್ಕಪಕ್ಕದ ಜಾಗ ಸೇರಿಸಿಕೊಂಡಿತ್ತು. ವಿಸ್ತೀರ್ಣ 130 ಚದರ ಮೈಲಿ ದಾಟಿತ್ತು. ಜನ ನಾಲ್ಕೂವರೆ ಲಕ್ಷದ ಆಸುಪಾಸು.

1,419 ಸಲ! ಇಪ್ಪತ್ತು ವರ್ಷಕ್ಕೆ ಹಂಚಿದರೂ ವಾರಕ್ಕೆ ಒಂದಕ್ಕಿಂತ ಜಾಸ್ತಿ. ಅಷ್ಟು ಸುಲಭವಾಗಿ ಹೇಗಾಯಿತು ಅಂತ ನಾನು ಸ್ಯಾನ್ ಹೋಸೆಯ ದೊಡ್ಡ ಲೈಬ್ರರಿಯಲ್ಲಿ ಕೂತು ಓದಿದೆ. ಉತ್ತರ 1939ರ ಒಂದು ರಾಜ್ಯ ಕಾನೂನಿನಲ್ಲಿದೆ. ಒಂದು ಜಾಗದಲ್ಲಿ 12ಕ್ಕಿಂತ ಕಡಿಮೆ ಮತದಾರರಿದ್ದರೆ ಕಾನೂನಿನ ಕಣ್ಣಿಗೆ ಅದು ಜನವಸತಿ ಇಲ್ಲದ ಜಾಗ. ಅಲ್ಲಿ ಚುನಾವಣೆ ಬೇಡ. ನಗರಸಭೆ ನೋಟಿಸ್ ಕೊಟ್ಟು ಸೇರಿಸಿಕೊಳ್ಳಬಹುದು. ಜಮೀನಿನ ಬೆಲೆಯ ಲೆಕ್ಕದಲ್ಲಿ ಅರ್ಧದಷ್ಟು ಮಾಲೀಕರು ತಕರಾರು ಎತ್ತಿದರೆ ಮಾತ್ರ ನಿಲ್ಲುತ್ತದೆ. 22 ಎಕರೆ ತೋಟದಲ್ಲಿ ಎರಡು ಸಂಸಾರ. ದೊಡ್ಡವರು ನಾಲ್ಕೈದು ಜನ. ಮೂರು ತಲೆಮಾರು ಬಾಳಿದ ನೆಲ ಕಾಗದದ ಮೇಲೆ ಜನವಸತಿ ಇಲ್ಲದ್ದು. ಈ ಒಂದು ಸಾಲು ಓದಿದಾಗ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಯಿತು.

ಇನ್ನೊಂದು ನಿಯಮವಿತ್ತು. ಸೇರುವ ಜಾಗ ನಗರದ ಗಡಿಗೆ ತಾಗಿರಬೇಕು. ಅದಕ್ಕೂ ದಾರಿ ಇತ್ತು, ನಿಜವಾಗಿಯೂ ದಾರಿಯೇ. ಮೊದಲು ರಸ್ತೆಯನ್ನೇ ನಗರಕ್ಕೆ ಸೇರಿಸಿಕೊಳ್ಳುತ್ತಿದ್ದರು. ರಸ್ತೆಯ ಮೇಲೆ ಯಾರ ಮನೆಯೂ ಇಲ್ಲ, ರಸ್ತೆಗೆ ಓಟಿಲ್ಲ. ಹೀಗೆ ಶೂ ಲೇಸಿನ ಹಾಗೆ ಉದ್ದುದ್ದ ಪಟ್ಟಿ ಎಳೆದುಕೊಂಡು ಹೋಗಿ, ಅದರ ತುದಿಯಲ್ಲಿ ಒಪ್ಪಿದ ತೋಟವನ್ನು ಗಂಟು ಹಾಕುವುದು. ನಡುವೆ ಒಪ್ಪದವರ ತೋಟಗಳು ಹಾಗೇ ಉಳಿದುಬಿಡುತ್ತಿದ್ದವು. ಸುತ್ತ ನಗರ, ಮಧ್ಯೆ ಕೌಂಟಿ. ಇಂಥವನ್ನು ಇಲ್ಲಿ 'ಪಾಕೆಟ್' ಅನ್ನುತ್ತಾರೆ. ಸ್ಯಾನ್ ಹೋಸೆಯ ನಡುವೆ ಈಗಲೂ ಫ್ರೂಟ್‌ಡೇಲ್ ಅಂತ ಒಂದು ಪಾಕೆಟ್ ಇದೆ, ಪಕ್ಕದಲ್ಲೇ ಬರ್ಬ್ಯಾಂಕ್. ಫ್ರೂಟ್‌ಡೇಲ್ ಅಂದರೆ ಹಣ್ಣಿನ ಕಣಿವೆ. ಹಣ್ಣು ಹೋಯಿತು, ಕೌಂಟಿಯ ಗಡಿ ಉಳಿಯಿತು.

ಬಲವಂತವಿಲ್ಲದಿದ್ದರೂ ಜನ ಒಪ್ಪುತ್ತಿದ್ದದ್ದು ಒಳಚರಂಡಿಗಾಗಿ. ಮನೆ ಕಟ್ಟುವ ಬಿಲ್ಡರ್‌ಗೆ ಒಳಚರಂಡಿ ಬೇಕೇ ಬೇಕು. ಹಣ್ಣು ಡಬ್ಬಿಗೆ ತುಂಬುವ ಕ್ಯಾನರಿಗಳ ಕೊಳಚೆ ಹೊಳೆ ಸೇರಿ ಗಬ್ಬೆದ್ದು, ಕೊನೆಗೆ 1956ರಲ್ಲಿ ಸ್ಯಾನ್ ಹೋಸೆ ಉತ್ತರದಲ್ಲಿ ದೊಡ್ಡ ಶುದ್ಧೀಕರಣ ಘಟಕ ಕಟ್ಟಿತು. ಪೈಪು ನಗರದ ಕೈಯಲ್ಲಿ. ಪೈಪು ಬೇಕಾದರೆ ನಗರಕ್ಕೆ ಸೇರಿ. ಅಷ್ಟೇ.

ಅಜ್ಜಿಯ ದೊಡ್ಡಪ್ಪ ಸೇರಿದರು. 1950ರ ದಶಕದ ಕೊನೆಯಲ್ಲಿ. ಅವರಿಗೆ ಬೆನ್ನುನೋವು, ಮಗನಿಗೆ ತೋಟ ಬೇಡ, ಎಲೆಕ್ಟ್ರಾನಿಕ್ಸ್ ಕೆಲಸ ಬೇಕು. ಆಗ ಐಬಿಎಂ ಸ್ಯಾನ್ ಹೋಸೆಗೆ ಬಂದಿತ್ತು, ಲಾಕ್‌ಹೀಡ್ ಸನ್ನಿವೇಲ್‌ಗೆ ಬಂದಿತ್ತು. ಎಂಟು ತಾಸಿನ ಕೆಲಸ, ತಿಂಗಳಿಗೆ ಗಟ್ಟಿ ಸಂಬಳ. ಯಾರು ಬೇಡ ಅಂತಾರೆ? ಪೇಪರಿನಲ್ಲಿ ಸಣ್ಣ ಅಕ್ಷರದಲ್ಲಿ ನೋಟಿಸ್ ಬಂತು. ಅಪ್ಪ ಅದನ್ನು ಓದಿ ಮಡಚಿ ಜೇಬಿಗಿಟ್ಟುಕೊಂಡರು, ಊಟದ ಹೊತ್ತಿಗೆ ಮಾತೇ ಆಡಲಿಲ್ಲ ಅಂತ ಅಜ್ಜಿ ಹೇಳುತ್ತಾರೆ. ತಮ್ಮ, ಅಂದರೆ ಅಜ್ಜಿಯ ಅಪ್ಪ, ಸೇರಲಿಲ್ಲ. ಹೀಗೆ ವಾಲ್‌ನಟ್ ಮರದ ಸಾಲು ಒಂದು ಬೆಳಿಗ್ಗೆ ನಗರದ ಗಡಿಯಾಯಿತು. ಆಮೇಲೆ ಮರ ಕಡಿದರು, ಸಾಲಿನ ಮೇಲೆಯೇ ರಸ್ತೆ ಬಂತು. ಅದೇ ನಮ್ಮ ರಸ್ತೆ. ದೊಡ್ಡಪ್ಪನ ಪಾಲಿನಲ್ಲಿ ನಮ್ಮ ಮನೆ, ತಮ್ಮನ ಪಾಲಿನಲ್ಲಿ ಅಜ್ಜಿಯ ಮನೆ.

1952ರಿಂದ ಆರು ವರ್ಷ ಈ ಕಣಿವೆಯಲ್ಲಿ ನಡೆದದ್ದು ಒಂದು ಓಟದ ಪಂದ್ಯದ ಹಾಗಿತ್ತು. ಸ್ಯಾನ್ ಹೋಸೆ ನುಂಗುವ ಮೊದಲೇ ನಾವೇ ಒಂದು ಊರು ಕಟ್ಟಿಕೊಳ್ಳೋಣ ಅಂತ ಹಳ್ಳಿಗಳು ಹೊರಟವು. 1952ರಲ್ಲಿ ಕ್ಯಾಂಬೆಲ್ ಮತ್ತು ಲಾಸ್ ಆಲ್ಟೋಸ್. 1954ರಲ್ಲಿ ಮಿಲ್ಪಿಟಾಸ್. 1955ರಲ್ಲಿ ಕುಪರ್ಟಿನೋ. 1956ರಲ್ಲಿ ಸಾರಾಟೋಗ ಮತ್ತು ಲಾಸ್ ಆಲ್ಟೋಸ್ ಹಿಲ್ಸ್. 1957ರಲ್ಲಿ ಮಾಂಟೆ ಸೆರೆನೋ. ಇವತ್ತು ಕೌಂಟಿಯಲ್ಲಿರುವ 15 ನಗರಗಳಲ್ಲಿ ಏಳು ಹುಟ್ಟಿದ್ದು ಆ ಆರು ವರ್ಷದಲ್ಲಿ. ಕುಪರ್ಟಿನೋ ನಗರವಾಗಬೇಕೋ ಬೇಡವೋ ಅಂತ ಮತ ಹಾಕಿದಾಗ 225 ಜನ ಬೇಕು ಅಂದರು, 183 ಜನ ಬೇಡ ಅಂದರು. 42 ಓಟು ಹೆಚ್ಚು ಕಡಿಮೆಯಾಗಿದ್ದರೆ ಆಪಲ್ ಕಂಪನಿಯ ವಿಳಾಸ ಇವತ್ತು ಬೇರೆಯೇ ಇರುತ್ತಿತ್ತೇನೋ. ಉತ್ತರದ ಆಲ್ವಿಸೋ ಊರು 1968ರಲ್ಲಿ ಕೆಲವೇ ಓಟುಗಳ ಅಂತರದಲ್ಲಿ ಸ್ಯಾನ್ ಹೋಸೆಗೆ ಸೇರಿಹೋಯಿತು.

ಶಾಲೆಯ ಗಡಿ ಮಾತ್ರ ಯಾಕೆ ಬೇರೆ? ನಮ್ಮ ಕನ್ನಡ ಕೂಟದಲ್ಲಿ ಮನೆ ಹುಡುಕುವವರು ಮೊದಲು ಕೇಳುವುದೇ ಇದನ್ನು: 'ಕುಪರ್ಟಿನೋ ಸ್ಕೂಲು ಬರುತ್ತಾ?' ಅದಕ್ಕೆ ತಕ್ಕ ಹಾಗೆ ಬೆಲೆಯಲ್ಲಿ ಲಕ್ಷಗಟ್ಟಲೆ ಡಾಲರ್ ಏರುಪೇರು. ಇದರ ಬೇರೂ ತೋಟದ ಕಾಲದಲ್ಲೇ ಇದೆ. ಆಗ ಹಳ್ಳಿಗೊಂದು ಪುಟ್ಟ ಶಾಲೆ, ಅದಕ್ಕೊಂದು ಪುಟ್ಟ ಜಿಲ್ಲೆ. ಮಕ್ಕಳು ತೋಟದ ಮಧ್ಯೆ ನಡೆದು ಹೋಗಿ ಬರುವಷ್ಟು ದೂರವೇ ಅದರ ಎಲ್ಲೆ. ಅಂಥ ಶಾಲೆಗಳು ಒಟ್ಟು ಸೇರಿ ಕುಪರ್ಟಿನೋ ಜಿಲ್ಲೆಯಾಯಿತು. ಮೊದಲು ನಗರಕ್ಕೆ ಸೇರಿದ ಜಾಗ ನಗರದ ಶಾಲಾ ಜಿಲ್ಲೆಗೂ ಸೇರಿಬಿಡುತ್ತಿತ್ತು. ಹಾಗಾಗಿ ಹಳ್ಳಿ ಶಾಲೆಗಳ ಮಂಡಳಿಗಳು ನಗರಕ್ಕೆ ಸೇರುವುದನ್ನು ಜೋರಾಗಿ ವಿರೋಧಿಸುತ್ತಿದ್ದವು. 1950ರ ದಶಕದಲ್ಲಿ ಕಾನೂನು ಬದಲಾಯಿತು. ನಗರದ ಗಡಿ ಎಲ್ಲಿಗೆ ಹೋದರೂ ಶಾಲೆಯ ಗಡಿ ಅಲುಗುವುದಿಲ್ಲ. ಶಾಲೆಯವರು ಸುಮ್ಮನಾದರು, ನಗರಕ್ಕೆ ದಾರಿ ಸುಲಭವಾಯಿತು. ಆದ್ದರಿಂದ ನಮ್ಮ ಮಕ್ಕಳು ಇವತ್ತು ಹೋಗುವ ಶಾಲಾ ಜಿಲ್ಲೆಯ ಗೆರೆ, ಪ್ರೂನ್ ಆಯುವ ಮಕ್ಕಳು ಬುತ್ತಿ ಹಿಡಿದು ನಡೆಯುತ್ತಿದ್ದ ದೂರದಿಂದ ಬಂದದ್ದು. ಇದನ್ನು ರಿಯಲ್ ಎಸ್ಟೇಟ್ ಏಜೆಂಟರು ಹೇಳುವುದಿಲ್ಲ.

ತೋಟ ಉಳಿಸಿಕೊಳ್ಳಲು ಯಾರೂ ಏನೂ ಮಾಡಲಿಲ್ಲ ಅಂದರೆ ತಪ್ಪಾಗುತ್ತದೆ. ನಗರದ ಪಟ್ಟಿ ತಮ್ಮ ಕಡೆಗೆ ಬರುವುದನ್ನು ಕಂಡು ಉತ್ತರದ ಪೇರ್ ಬೆಳೆಗಾರರು ಕೌಂಟಿಯ ಬಾಗಿಲು ತಟ್ಟಿದರು. ಆಗ ಕೌಂಟಿ ಯೋಜನಾ ವಿಭಾಗದ ಮುಖ್ಯಸ್ಥರಾಗಿದ್ದವರು ಕಾರ್ಲ್ ಬೆಲ್ಸರ್. ಬರೀ ಬೇಸಾಯಕ್ಕೆ ಮೀಸಲಾದ ವಲಯ ಅನ್ನುವುದನ್ನು ಕೌಂಟಿ ತಂದಿತು. 1955ರಲ್ಲಿ ರಾಜ್ಯವೂ ಒಂದು ಕಾನೂನು ಮಾಡಿತು. ಈ ವಲಯದ ಜಮೀನನ್ನು ಮಾಲೀಕರ ಒಪ್ಪಿಗೆ ಇಲ್ಲದೆ ಯಾವ ನಗರವೂ ಸೇರಿಸಿಕೊಳ್ಳುವಂತಿಲ್ಲ. ಇದಕ್ಕೆ ಅವರಿಟ್ಟ ಹೆಸರು ಗ್ರೀನ್ ಬೆಲ್ಟ್.

ಈ ಹೆಸರು ಕೇಳಿದ ಕೂಡಲೇ ನನಗೆ ನಮ್ಮೂರ ತಾಲ್ಲೂಕು ಕಚೇರಿ ನೆನಪಾಯಿತು. ಗ್ರೀನ್ ಬೆಲ್ಟ್, ಯೆಲ್ಲೋ ಝೋನ್, ಕನ್ವರ್ಷನ್. ಈ ಇಂಗ್ಲಿಷ್ ಪದಗಳನ್ನು ಓದುಬರಹ ಬಾರದ ನಮ್ಮ ಅಜ್ಜನೂ ಆಡುತ್ತಿದ್ದರು. ಏರ್‌ಪೋರ್ಟ್ ಬರುತ್ತದೆ ಅನ್ನುವ ಸುದ್ದಿ ಗಟ್ಟಿಯಾದ ಮೇಲೆ ಅವರಿಗೆ ಬೇರೆ ಮಾತೇ ಇರಲಿಲ್ಲ. ಯಾರದೋ ಸರ್ವೆ ನಂಬರ್ ಹಸಿರಲ್ಲಿದೆ, ಯಾರದೋ ಹಳದಿಗೆ ಬಂತು. 2008ರಲ್ಲಿ ವಿಮಾನ ಹಾರಾಟ ಶುರುವಾಗುವ ಹೊತ್ತಿಗೆ ದೊಡ್ಡಪ್ಪನ ಪಾಲಿನ ದ್ರಾಕ್ಷಿ ಚಪ್ಪರ ಇರಲಿಲ್ಲ. ಕಲ್ಲುಕಂಬಗಳನ್ನು ಕಿತ್ತು ಲೇಔಟಿನ ಕಾಂಪೌಂಡಿಗೆ ಹಾಕಿದ್ದರು.

ಇಲ್ಲಿಯ ಗ್ರೀನ್ ಬೆಲ್ಟ್ ಯಾಕೆ ನಿಲ್ಲಲಿಲ್ಲ ಅಂದರೆ, ಹೊರಗಿನಿಂದ ಒಳಗೆ ಬರದ ಹಾಗೆ ಬಾಗಿಲು ಹಾಕಿದರು, ಒಳಗಿನಿಂದ ಹೊರಗೆ ಹೋಗುವ ಬಾಗಿಲು ತೆರೆದೇ ಬಿಟ್ಟರು. ಒಳ್ಳೆಯ ಬೆಲೆ ಬಂದಾಗ ಮಾಲೀಕರೇ ಅರ್ಜಿ ಹಾಕಿ ವಲಯದಿಂದ ಆಚೆ ಬರಬಹುದಿತ್ತು. ಬಂದರು. ಅವರನ್ನು ನಾನು ದೂರುವುದಿಲ್ಲ. ಯಾಕೆಂದರೆ ತೆರಿಗೆ ಹಾಕುತ್ತಿದ್ದ ರೀತಿಯೇ ಹಾಗಿತ್ತು. ನಿಮ್ಮ ತೋಟದಲ್ಲಿ ಎಷ್ಟು ಹಣ್ಣು ಬಂತು ಅಂತ ನೋಡುತ್ತಿರಲಿಲ್ಲ. ಪಕ್ಕದ ತೋಟ ಸೈಟಾಗಿ ಎಷ್ಟಕ್ಕೆ ಹೋಯಿತು ಅಂತ ನೋಡಿ ನಿಮ್ಮ ನೆಲಕ್ಕೆ ಬೆಲೆ ಕಟ್ಟುತ್ತಿದ್ದರು. ಅಣ್ಣ ಮಾರಿದ ಬೆಲೆ ತಮ್ಮನ ಕಂದಾಯವಾಯಿತು. ಅಜ್ಜಿಯ ಅಪ್ಪ ಒಂದೊಂದು ವರ್ಷ ಹಣ್ಣಿನ ದುಡ್ಡನ್ನೆಲ್ಲ ತೆರಿಗೆಗೇ ಕಟ್ಟಿದರಂತೆ. ಬೇಸಾಯದ ಆದಾಯ ನೋಡಿ ಜಮೀನಿಗೆ ತೆರಿಗೆ ಹಾಕುವ ವಿಲಿಯಮ್ಸನ್ ಕಾಯ್ದೆ ಬಂದದ್ದು 1965ರಲ್ಲಿ. ನಗರದ ಗಡಿ ವಿಸ್ತರಣೆಗೆ ಕಡಿವಾಣ ಹಾಕುವ ಆಯೋಗಗಳು ಪ್ರತಿ ಕೌಂಟಿಯಲ್ಲೂ ಬಂದದ್ದು 1963ರ ಕಾನೂನಿನಿಂದ. ಎರಡೂ ಒಳ್ಳೆಯವು. ಈ ಬೀದಿಯ ಮಟ್ಟಿಗೆ ಎರಡೂ ತಡ. 1960ರ ದಶಕ ಮುಗಿಯುವ ಮೊದಲು ತಮ್ಮನೂ ಮಾರಿದರು. ಮೂಲೆಯ ಮನೆ, ಹಿತ್ತಲು, ಆರು ಏಪ್ರಿಕಾಟ್ ಮರ ಬಿಟ್ಟು. ಕೌಂಟಿಯ ನಿಯಮದಲ್ಲಿ ಮನೆ ಕಟ್ಟಿದ್ದರಿಂದ ಫುಟ್‌ಪಾತ್ ಬೇಕಿರಲಿಲ್ಲ. ಎದುರು ಸಾಲಿನಲ್ಲಿ ಇವತ್ತಿಗೂ ಮಳೆ ಬಂದರೆ ಅಂಗಳದ ಮಣ್ಣು ರಸ್ತೆಗೆ ಹರಿಯುವುದು ಅದಕ್ಕೇ.

ಆ ಮಣ್ಣಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಹಿತ್ತಲಲ್ಲಿ ನಿಂಬೆ ಗಿಡ ನೆಡಲು ಅಗೆದಾಗ ಮೊಣಕಾಲುದ್ದ ಹೋದರೂ ಒಂದು ಕಲ್ಲು ಸಿಗಲಿಲ್ಲ. ಕಂದು ಬಣ್ಣ, ಕೈಯಲ್ಲಿ ಹಿಡಿದರೆ ಬೆಣ್ಣೆಯ ಹಾಗೆ. ಬೆಟ್ಟದ ತೊರೆಗಳು ಸಾವಿರಾರು ವರ್ಷ ಹೊತ್ತು ತಂದು ಹರಡಿದ ಮೆಕ್ಕಲು. ಇದರ ಮೇಲೆ ಸಿಮೆಂಟು ಸುರಿದು ಕಾರು ನಿಲ್ಲಿಸಿದ್ದೇವೆ, ನಾನೂ ಸೇರಿ. ಮನೆಗೆ ಈ ಕಣಿವೆಯ ಒಣ ಗುಡ್ಡಗಳೂ ಆಗುತ್ತಿದ್ದವು. ಏಪ್ರಿಕಾಟ್‌ಗೆ ಈ ಮಣ್ಣೇ ಬೇಕಿತ್ತು. ಇದು ನನ್ನನ್ನು ಬಹಳ ಕಾಡುತ್ತದೆ.

ಹಾಗಂತ ಆ ಕಾಲವನ್ನು ಬರೀ ಹೂವಿನ ಕಾಲ ಅಂತ ನೆನೆಯುವುದಕ್ಕೂ ನನ್ನಿಂದ ಆಗುವುದಿಲ್ಲ. ಈ ತೋಟಗಳಲ್ಲಿ ದುಡಿದವರು ಚೀನಾ, ಜಪಾನ್, ಫಿಲಿಪೈನ್ಸ್, ಮೆಕ್ಸಿಕೋದ ಜನ. 1913ರ ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ, ಅಮೆರಿಕದ ಪೌರರಾಗಲು ಅರ್ಹತೆ ಇಲ್ಲದ ವಿದೇಶಿಯರು ಬೇಸಾಯದ ಜಮೀನು ಕೊಳ್ಳುವಂತಿರಲಿಲ್ಲ. ಏಷ್ಯಾದವರಿಗೆ ಆ ಅರ್ಹತೆ ಇರಲಿಲ್ಲ. ಭಾರತೀಯರಿಗೂ ಇಲ್ಲ ಅಂತ 1923ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1946ರವರೆಗೂ ಹಾಗೇ ಇತ್ತು. ಜಮೀನಿನ ಆ ಕಾನೂನು ಕೋರ್ಟಿನಲ್ಲಿ ಬಿದ್ದದ್ದು 1952ರಲ್ಲಿ. ಅಜ್ಜಿಯ ತಾತ 22 ಎಕರೆ ಕೊಂಡ ದಿನಗಳಲ್ಲಿ ನನ್ನಂಥವಳು ಇದೇ ನೆಲದಲ್ಲಿ ಮಂಡಿಯೂರಿ ಪ್ರೂನ್ ಆಯಬಹುದಿತ್ತು, ಒಂದು ಗುಂಟೆ ಬರೆಸಿಕೊಳ್ಳುವಂತಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಗಡಿ ಅದೇ ಇತ್ತು. ಇದನ್ನು ಅಜ್ಜಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 1942ರಲ್ಲಿ ಪಕ್ಕದ ತೋಟದ ಜಪಾನೀ ಸಂಸಾರವನ್ನು ಯುದ್ಧಕಾಲದ ಬಂಧನ ಕ್ಯಾಂಪಿಗೆ ಸಾಗಿಸಿದ್ದನ್ನು ಹೇಳಿದರು. ಆಗ ಅವರು ಕೂಸು. ಅವರಮ್ಮ ಹೇಳುತ್ತಿದ್ದರಂತೆ. ಆ ಸಂಸಾರ ವಾಪಸ್ ಬರಲಿಲ್ಲ.

ಅಲ್ಲಲ್ಲಿ ಕೆಲವು ತುಂಡು ಉಳಿದಿವೆ. ಲಾಸ್ ಆಲ್ಟೋಸ್ ನಗರಸಭೆಯ ಕಚೇರಿ, ಲೈಬ್ರರಿ ಇರುವುದೇ ಏಪ್ರಿಕಾಟ್ ತೋಟದ ಮಧ್ಯೆ. ಜೆ. ಗಿಲ್ಬರ್ಟ್ ಸ್ಮಿತ್ 1901ರಲ್ಲಿ ಹಾಕಿದ ತೋಟ ಅದು. ಹೊಸದಾಗಿ ಹುಟ್ಟಿದ ನಗರ ಅದನ್ನು ಕೊಂಡು ಕಚೇರಿ ಕಟ್ಟಿತು, ಮರಗಳನ್ನೂ ಉಳಿಸಿಕೊಂಡಿತು. ಸನ್ನಿವೇಲ್‌ನ ಕಮ್ಯುನಿಟಿ ಸೆಂಟರ್ ಪಕ್ಕ ಹತ್ತು ಎಕರೆ ಏಪ್ರಿಕಾಟ್ ಇದೆ. ಸಾರಾಟೋಗ ಲೈಬ್ರರಿಯ ಪಕ್ಕವೂ ಒಂದು ತೋಟ ಇದೆ. ಕುಪರ್ಟಿನೋದಲ್ಲಿ ಆಪಲ್‌ನ ಆ ದುಂಡನೆಯ ಕಟ್ಟಡ ಇದೆಯಲ್ಲ, ಅದರ ಆವರಣದಲ್ಲಿ ಗ್ಲೆಂಡೆನಿಂಗ್ ಕುಟುಂಬದ ಕೊಟ್ಟಿಗೆ ಇದೆ. 1916ರಲ್ಲಿ ರೆಡ್‌ವುಡ್ ಹಲಗೆಗಳಿಂದ ಕಟ್ಟಿದ್ದು. ಅದನ್ನು ಬಿಚ್ಚಿಟ್ಟು, ಆಮೇಲೆ ಮತ್ತೆ ಜೋಡಿಸಿದರು. ಆ ಜಾಗದ ಮೂಲಕ ಹೋಗುತ್ತಿದ್ದ ಪ್ರೂನ್‌ರಿಡ್ಜ್ ಅನ್ನುವ ರಸ್ತೆಯ ಒಂದು ಭಾಗ ಮಾತ್ರ ಮುಚ್ಚಿಹೋಯಿತು. ಕುಪರ್ಟಿನೋದ ಹಳೆಯ ಮಾಲ್ ವ್ಯಾಲ್ಕೋ ಹೆಸರನ್ನೂ ಕೇಳಿರುತ್ತೀರಿ. ಅದರಲ್ಲಿರುವುದು ವೇರಿಯನ್ ಕಂಪನಿಯ ಮೊದಲಕ್ಷರ, ಜೊತೆಗೆ ಜಮೀನು ಒಟ್ಟುಗೂಡಿಸಿದ ಲೆನರ್ಡ್, ಲೆಸ್ಟರ್, ಕ್ರಾಫ್ಟ್, ಓರ್ಲಾಂಡೋ ಮನೆತನಗಳ ಮೊದಲಕ್ಷರಗಳು. ಮಾಲ್‌ಗೆ ಹೋಗಿ ಬಂದಷ್ಟೂ ಸಲ ನಾವು ಅವರ ಹೆಸರನ್ನೇ ಹೇಳುತ್ತಿದ್ದೆವು.

ಈ ಸಲ ಜುಲೈನಲ್ಲಿ ಅಮ್ಮ ದೇವನಹಳ್ಳಿಯಿಂದ ಬಂದಿದ್ದರು. ಆರು ತಿಂಗಳ ವೀಸಾ. ಅಜ್ಜಿಯ ಹಿತ್ತಲಲ್ಲಿ ಉಳಿದಿರುವ ಎರಡು ಮರ ಹಣ್ಣು ಬಿಟ್ಟು ಬಗ್ಗಿದ್ದವು. ಬ್ಲೆನ್‌ಹೈಮ್ ಅನ್ನುವ ಜಾತಿ. ಅಂಗಡಿಯಲ್ಲಿ ಸಿಗುವುದು ಅಪರೂಪ. ಒಳಗಿನಿಂದ ಹಣ್ಣಾಗುತ್ತಾ ಬರುತ್ತದೆ. ಮೇಲೆ ತೊಟ್ಟಿನ ಹತ್ತಿರ ಹಸಿರಿದ್ದರೂ ಒಳಗೆ ಪೂರ್ತಿ ಕಳಿತಿರುತ್ತದೆ. ಕಿತ್ತ ಎರಡೇ ದಿನಕ್ಕೆ ಮೆತ್ತಗಾಗಿ ಹೋಗುತ್ತದೆ. ಅದಕ್ಕೇ ಆ ಕಾಲದಲ್ಲಿ ಒಣಗಿಸುತ್ತಿದ್ದದ್ದು.

ಅಜ್ಜಿ ಗ್ಯಾರೇಜಿನಿಂದ ಒಂದು ಮರದ ತಟ್ಟೆ ತೆಗೆದರು. ತಟ್ಟೆ ಅಂದರೆ ಚಿಕ್ಕದಲ್ಲ, ಒಬ್ಬರೇ ಎತ್ತುವುದು ಕಷ್ಟ. ನಾವು ಮೂವರೂ ಮರದ ಕೆಳಗೆ ಕೂತೆವು. ಹಣ್ಣಿನ ಮೈಮೇಲೆ ಹುಟ್ಟಿನಿಂದಲೇ ಒಂದು ಗೆರೆ ಇರುತ್ತದೆ. ಆ ಗೆರೆಯ ಮೇಲೆ ಚಾಕು ಇಟ್ಟು ಸುತ್ತ ಒಂದು ಸುತ್ತು ತಿರುಗಿಸಬೇಕು. ಎರಡು ಹೋಳಾಗುತ್ತದೆ. ಬೀಜ ತಾನೇ ಉದುರುತ್ತದೆ. ಹೋಳನ್ನು ಬಟ್ಟಲಿನ ಹಾಗೆ ಮೇಲ್ಮುಖ ಮಾಡಿ, ಒಂದಕ್ಕೊಂದು ತಾಗುವ ಹಾಗೆ ತಟ್ಟೆಯಲ್ಲಿ ಜೋಡಿಸಬೇಕು. ಅಜ್ಜಿಯ ಬೆರಳು ಈಗಲೂ ಎಷ್ಟು ಬೇಗ ಓಡುತ್ತದೆ! ಅಮ್ಮ ನೂರು ಹಣ್ಣಿನ ಹೊತ್ತಿಗೆ ಅವರ ಸಮಕ್ಕೆ ಬಂದರು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಚಾಕು ಹರಿತವಾಗಿಲ್ಲ ಅನ್ನುವುದಕ್ಕೆ ಭಾಷೆ ಬೇಕಾಗುವುದೂ ಇಲ್ಲ.

ಚಿಕ್ಕವರಿದ್ದಾಗ ಡಬ್ಬಿಗೆ ಇಷ್ಟು ಅಂತ ಕೂಲಿ, ಕಾರ್ಡಿಗೆ ತೂತು ಹಾಕಿ ಲೆಕ್ಕ ಇಡುತ್ತಿದ್ದರು ಅಂತ ಅಜ್ಜಿ ಹೇಳಿದರು. ತುಂಬಿದ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಗಂಧಕದ ಮನೆಗೆ ತಳ್ಳುತ್ತಿದ್ದರು. ರಾತ್ರಿಯಿಡೀ ಗಂಧಕದ ಹೊಗೆ. ಬಣ್ಣ ಕೆಡದೆ ಹೊಳೆಯಲಿ ಅಂತ. ಆಮೇಲೆ ಬಯಲಲ್ಲಿ ಹರಡಿ ಬಿಸಿಲಿಗೆ ಇಡುವುದು. ಐದಾರು ಕೆಜಿ ಹಸಿ ಹಣ್ಣು ಒಣಗಿ ಒಂದು ಕೆಜಿ ಆಗುತ್ತಿತ್ತು.

'ಆ ಗಂಧಕದ ಮನೆ ಎಲ್ಲಿತ್ತು?' ಅಂದೆ.

ಅಜ್ಜಿ ರಸ್ತೆಯಾಚೆ ಕೈ ತೋರಿಸಿದರು. ನಮ್ಮ ಅಡುಗೆಮನೆ ಕಡೆಗೆ.

ಅದು ದೊಡ್ಡಪ್ಪನ ಪಾಲಿಗೆ ಹೋಗಿತ್ತು. ಒಣಗಿಸುವ ಬಯಲು ತಮ್ಮನ ಪಾಲಿಗೆ ಬಂದಿತ್ತು. ಒಂದಿಲ್ಲದೆ ಇನ್ನೊಂದು ನಡೆಯುವುದಿಲ್ಲ. ಹಾಗಾಗಿ ಪಾಲಾದ ಮೇಲೂ ಪ್ರತಿ ಜುಲೈ ಎರಡೂ ಕಡೆಯ ತಟ್ಟೆ ಒಂದೇ ಗೂಡಿಗೆ ಹೋಗಿ ಒಂದೇ ಬಯಲಿಗೆ ಬರುತ್ತಿದ್ದವು. ನೋಟಿಸ್ ಬಂದ ವರ್ಷ, ಮಾತು ಬಿಟ್ಟ ಮೇಲೂ. ಅಜ್ಜಿ ತಟ್ಟೆಯ ಅಂಚು ತೋರಿಸಿದರು. ಕಪ್ಪು ಬಣ್ಣದಲ್ಲಿ ದೊಡ್ಡಪ್ಪನ ಹೆಸರಿನ ಅಕ್ಷರ. ಅದರ ಪಕ್ಕದಲ್ಲಿ, ಮಾಸಿದ ಕೆಂಪಿನಲ್ಲಿ ಅಪ್ಪನದು. ಯಾರದು ಯಾರಿಗೆ ಹೋಗಿತ್ತೋ, ಹೇಗೆ ಒಂದೇ ತಟ್ಟೆಗೆ ಎರಡು ಗುರುತು ಬಿತ್ತೋ ಅಜ್ಜಿಗೂ ನೆನಪಿಲ್ಲ.

ನಾನು ಇದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅಮ್ಮ ಚಾಕು ಕೆಳಗಿಟ್ಟು, 'ನಮ್ಮ ಬಾವಿನೂ ಹಂಗೇ ಅಲ್ವೇನೇ. ಬಾವಿ ಅವ್ರ ಪಾಲು, ಮೋಟ್ರು ನಮ್ಮ ಪಾಲು' ಅಂದರು. ಮತ್ತೆ ಚಾಕು ಎತ್ತಿಕೊಂಡರು.

ನಾವು ಗಂಧಕ ಹಾಕಲಿಲ್ಲ. ಹಾಕದಿದ್ದರೆ ಕಪ್ಪಗಾಗುತ್ತವೆ, ರುಚಿಗೇನೂ ಕಡಿಮೆ ಇಲ್ಲ. ಅಜ್ಜಿಯ ಹಿತ್ತಲಲ್ಲಿ ಮಧ್ಯಾಹ್ನದ ಮೇಲೆ ನೆರಳು ಬೀಳುತ್ತದೆ, ಬೆಳಗಿನ ಬಿಸಿಲು ಚೆನ್ನಾಗಿದೆ. ನಮ್ಮ ಮನೆ ಮುಂದೆ ಮಧ್ಯಾಹ್ನದಿಂದ ಸಂಜೆವರೆಗೂ ಬಿಸಿಲು. ಸಂಡಿಗೆ ಒಣಗಿಸಿ ಅಭ್ಯಾಸವಿದ್ದ ಅಮ್ಮ ಅದನ್ನು ಮೊದಲ ದಿನವೇ ಲೆಕ್ಕ ಹಾಕಿಬಿಟ್ಟರು. ಐದು ದಿನ, ಹನ್ನೆರಡು ಗಂಟೆಯ ಹೊತ್ತಿಗೆ, ತಟ್ಟೆಯ ಒಂದು ತುದಿ ಅಮ್ಮ, ಇನ್ನೊಂದು ತುದಿ ನಾನು ಹಿಡಿದುಕೊಂಡು ಕೌಂಟಿಯಿಂದ ಸ್ಯಾನ್ ಹೋಸೆಗೆ ರಸ್ತೆ ದಾಟಿದೆವು. ಅಜ್ಜಿ ತಮ್ಮ ಅಂಗಳದಲ್ಲಿ ನಿಂತು ಯಾವ ಕಡೆಯಿಂದಲೂ ಕಾರು ಬರುತ್ತಿಲ್ಲ ಅಂತ ಕೈ ಮಾಡುತ್ತಿದ್ದರು.